ನೀರು ಕಾಸಿಡಾಕ ಹೇಳು

ಭಾರತಿ, ಕೂಸಿನ್ನ ಮಲಗಿಸಿದೇನು? ಮೊದಲ ಮಲಗಸು. ಇದು ಕೂಸಿನ ಮುಂದ ಹೇಳೂ ಮಾತಲ್ಲ.

ಕರೆಂಟ್ ಬರೂದು ಇನ್ನ ತಡಾ ಐತಿ. ಆ ಚಿಮಣಿ ಒಂಚೂರು ಸಣ್ಣದು ಮಾಡು... ಹಾಂ, ಸಾಕು. ಮಗ್ಗದ ಸಪ್ಪಳ ನಿಂತ್ರ ನಮ್ಮ ಓಣಿ ಹ್ಯಾಂಗಾಗತೈತಿ ನೋಡ್ರಿ. ಗುಡ್ಡದ ಮ್ಯಾಲಿನ ಗಾಳಿಪಂಖಾದ ಸಪ್ಪಳ ಇಲ್ಲೀತನಾ ಬರತೈತಿ. ಹುಂಯ್... ಹುಂಯ್... ಅಂತ.

ನಮ್ಮ ಚಿಗವ್ವನ ಮಗ ಅಯ್ಯಪ್ಪ ನಿಮಗ ಗೊತ್ತದಾನಲ್ಲ, ರಾಜೂರಾಂವ. ಹೋದ ವರ್ಷದ ತನಕ ಅಂವ ಘಟ್ಟದ ಕೆಳಗ, ಸಮುದ್ರದ ದಂಡಿಮ್ಯಾಲಿನ ಒಂದ ಊರಾಗ ಕೆಲಸಕ್ಕಿದ್ದ. ಹಡಗ ಬಂದ ನಿಲ್ಲೂ ಊರು. ಹೆಸರು ಬ್ಯಾಡ ಬಿಡ್ರಿ. ಶ್ರಾವಣ ಮುಗಿಯೂ ಹೊತ್ತಿಗೆ ಸೂಟಿ ತಗೊಂಡು ಬಂದ. ಬಸ್ಸು ಹಾದ್ಯಾಗ ಕೆಟ್ಟು, ಗಜೇಂದ್ರಗಡ ಮುಟ್ಟೂದ್ರಾಗ ರಾಜೂರಿಗೆ ಹೋಗೂ ಗಾಡಿ ಎಲ್ಲಾ ಮುಗದಿದ್ದುವು. ಸೀದಾ ನಮ್ಮ ಮನಿಗೆ ಬಂದ. ಚಿಗವ್ವಗ ಜ್ವರ ಅಂತ ಸುದ್ದಿ ಬಂದಿತ್ತು, ನಾನೂ ಹೋಗಬೇಕಾಗಿತ್ತು. ನಡಕೋತನ ಹೊಂಟ್ವಿ, ಇಬ್ರೂ.

ಮಾತ ಇಲ್ಲ ಅವನ ಬಾಯಾಗ. ಮೊದಲ ಹಂಗಿದ್ದಿಲ್ಲ ಅಂವ. ಹಾದಿತುಂಬ ಹರಟಿ ಹೊಡಿಯೂ ಹುಡುಗ.

ರಾಜೂರಿನ್ನೂ ಸ್ವಲ್ಪ ದೂರ ಇರೂವಾಗ ಒಂದ ಆಲದ ಗಿಡ, ಅದರ ಬಾಜೂಕ ಹಳೇ ಬಾವಿ. ಅಲ್ಲಿಗೆ ಬರೂದ್ರಾಗ ನಿಂತಬಿಟ್ಟ.

"ಅಕ್ಕಾ... ಈ ಹಾದಿ ಬ್ಯಾಡ."

"ಯಾಕೋ? ನೀ ಈಜ ಕಲತದ್ದ ಈ ಬಾವ್ಯಾಗಲ್ಲೇನು?"

"ಹಗೂರಕ ಮಾತಾಡು."

"ಯಾರದಾರ ಇಲ್ಲಿ, ಹಗೂರಕ ಮಾತಾಡಾಕ?"

ಅಂವ ನನ್ನ ಮಾರಿ ನೋಡಲಿಲ್ಲ. ಬಾವಿ ಕಡೆನ ನೋಡಕೋತ ಕೇಳಿದ. "ಕಬ್ಬಿಣದ ಸಪ್ಪಳ ಏನರ ಕೇಳತೈತೇನು ನಿನಗ? ಟಣ್... ಅಂತ?"

ಕಿವಿಗೊಟ್ಟು ಕೇಳಿದ್ನಿ. ಗಾಳಿಗೆ ಆಲದ ಎಲಿ ಸರಸರ ಅನ್ನಾಕತ್ತಿದ್ದುವು. ಬ್ಯಾರೇ ಏನೂ ಇಲ್ಲ. ಇಲ್ಲೋ ತಮ್ಮಾ, ಅಂದ್ನಿ. ಆದ್ರೂ ಅಂವ ಆ ಹಾದೀಲೆ ಬರಲಿಲ್ಲ. ಹೊಲದಾಗ ಇಳದು, ರಾಡಿ ತುಳಕೋತ, ಸುತ್ತ ಹಾದು ಆಚೆ ಕಡೆ ಒಡ್ಡಿನ ಮ್ಯಾಲ ಹತ್ತಿದ್ವಿ. ಅಲ್ಲೆ ಕುಂತು, ಅಂವ ನನಗ ಎಲ್ಲಾ ಹೇಳಿದ. ಅಂವ ಹೇಳಿದ್ದನ್ನ ಮೊದಲ ಹೇಳತೀನಿ. ನಾ ಕಣ್ಣಾರೆ ಕಂಡದ್ದು ಆಮ್ಯಾಲ.

ನಮ್ಮೂರಾಗ ಬಚ್ಚಲ ನೀರು ಗಟಾರಕ್ಕ ಹೋಗತೈತಿ, ಗಟಾರದ್ದು ಹಳ್ಳಕ್ಕ. ಅಲ್ಲಿ ಹಂಗಲ್ಲಂತ. ಇಡೀ ಊರಿನ ಹೊಲಸ ನೀರು, ಬಚ್ಚಲದ್ದು, ಪಾಯಖಾನೀದು, ಹೋಟೆಲಿನದು, ಮೀನಪ್ಯಾಟೀದು, ಎಲ್ಲಾ ನೆಲದಾಗಿನ ಪೈಪಿನೊಳಗ ಹರದು ಬಂದು, ಬಂದರದ ಸನೇಕ ಒಂದ ದೊಡ್ಡ ಬಾವ್ಯಾಗ ಬೀಳತೈತಿ. ಪಂಪ್ ಹಚ್ಚಿ ಅದನ್ನ ಮ್ಯಾಲೆತ್ತಿ ಪ್ಲಾಂಟಿಗೆ ಕಳಸತಾರ. ಅಲ್ಲಿ ಹೌದಿನ್ಯಾಗ ಗಾಳಿ ಊದಿ, ರಾಡಿ ಕೆಳಗ ಕುಂದ್ರಿಸಿ, ತಿಳಿ ನೀರು ಸಮುದ್ರಕ್ಕ ಬಿಡತಾರ. ಅಯ್ಯಪ್ಪ ಇದ್ದದ್ದು ಆ ಬಾವಿಮ್ಯಾಲ, ಪಂಪಹೌಸಿನ್ಯಾಗ. ಕೆಲಸದವರು ಅದಕ್ಕ ‘ವೆಲ್’ ಅಂತಾರಂತ. ಅಂದ್ರ ಬಾವಿನ.

ಗ್ವಾಡಿಗೆ ಕಬ್ಬಿಣದ ಮೆಟ್ಟಲಾ ಬಡದಾರ, ಕೆಳಗ ಇಳಿಯಾಕ. ನಡುವ ಒಂದ ಜಾಳಗಿ, ಚಿಂದಿ ಚೀಲ ಬಂದ್ರ ತಡದು ಹಿಡಿಯಾಕ. ಮ್ಯಾಲ ಒಂದ ಕಡೆ ದೊಡ್ಡ ಪೈಪು, ಮಳಿ ಭಾಳಾಗಿ ಪಂಪಿಗೆ ತಡಕೊಳ್ಳಾಕ ಆಗದಿದ್ರ ನೀರು ಸೀದಾ ಸಮುದ್ರಕ್ಕ ಹೋಗಲಿ ಅಂತ. ಸಮುದ್ರ ಏರಿದಾಗ ಅದರ ನೀರ ಆ ಪೈಪಿನ ಬಾಯಿಗೆ ಬಂದು ಬಡೀತಿತ್ತಂತ. ಗುಳುಕ್... ಗುಳುಕ್... ಗುಳುಕ್. ಯಾರೋ ಒಂದ ಸವನ ನೀರ ಕುಡದಂಗ.

ಅವನ ಜೋಡಿ ಇದ್ದಾಂವ ನರೇಗಲ್ಲಿನ ಕಾಶೀಂಸಾಬ. ವಯಸ್ಸಾದಾಂವ, ಭಾಳ ವರ್ಷದಿಂದ ಅಲ್ಲೆ ಇದ್ದ. ಅಯ್ಯಪ್ಪ ಕಾಕಾ ಅಂತಿದ್ದ. ಮೊದಲನೇ ದಿವಸನ ಕಾಕಾ ಒಂದ ಮಾತ ಹೇಳಿದ್ನಂತ.

"ವಾಸನಿ ಬಂದ್ರ ಅಂಜಬ್ಯಾಡ ತಮ್ಮಾ. ಬರೂ ವಾಸನಿ ತಟ್ಟನ ನಿಂತ್ರ ಅಂಜು. ಆ ಗ್ಯಾಸು ಮೊದಲ ಮೂಗು ಕೊಲ್ಲತೈತಿ. ಆಮ್ಯಾಲ ಮನಶಾನ್ನ."

ಒಂದಿನ ಸಂಜೀಮುಂದ... ಮಳಿ ಹನಿಯಾಕತ್ತಿತ್ತು, ಸಮುದ್ರ ಏರಾಕತ್ತಿತ್ತು. ಅಯ್ಯಪ್ಪ ಬಾವಿ ದಂಡಿಮ್ಯಾಲ ನಿಂತು ಚಿಗವ್ವನ ಜೋಡಿ ಫೋನಿನ್ಯಾಗ ಮಾತಾಡಿದ. ಹೊಲದ್ದು, ಮನೀದು. ಮಾತ ಮುಗಿಸಿ ಫೋನ ಕಿಸೇದಾಗ ಇಟ್ಟ. ಆವಾಗ ಕೆಳಗಿಂದ ಒಂದ ದನಿ ಬಂತಂತ.

"ಯಾವ ಊರಪಾ?"

ನಮ್ಮ ಕಡೀ ಮಾತು. ಕಾಕಾ ಒಬ್ಬನ್ನ ಬಿಟ್ರ ಅಲ್ಲಿ ಮಂದಿ ತುಳು ಆಡತಾರ, ಕೊಂಕಣಿ ಆಡತಾರ. ನಮ್ಮ ಮಾತ ಕೇಳಿ ಹುಡುಗಗ ಎಷ್ಟೋ ಹಿತ ಆತಂತ. ಯಾರೋ ಕೆಲಸದಾಂವ ಜಾಳಗಿ ತೊಳಿಯಾಕ ಇಳದಾನ ಅಂತ ತಿಳದ.

"ರಾಜೂರು" ಅಂದ.

"ಹೊಲದಾಗ ಹೆಸರಕಾಳು ಹ್ಯಾಂಗ ಬಂದಾವು ಈ ಸಲ?"

"ಚಲೋ ಬಂದಾವು. ನೀವು ಯಾವ ಕಡೆಯವರ್ರೀ? ಹಗ್ಗ ಕಟಗೊಂಡೀರಿಲ್ಲೋ?"

ಗುಳುಕ್... ಗುಳುಕ್... ಅಷ್ಟ. ಬಗ್ಗಿ ಬ್ಯಾಟರಿ ಬಿಟ್ಟ. ಕರೀ ನೀರು. ಮ್ಯಾಲ ಬುರುಗು. ಯಾರೂ ಇಲ್ಲ.

ಕಾಶೀಂಕಾಕಾ ಗೇಟಿನ ಕಡೆಯಿಂದ ಚಾ ತಗೊಂಡು ಬಂದ. ಅಯ್ಯಪ್ಪ ಹಿಂಗಿಂಗ ಅಂತ ಹೇಳಿದ. ಕಾಕಾ ಚಾ ಕಪ್ಪು ಕೆಳಗಿಟ್ಟ.

"ನೀ ಊರ ಹೆಸರು ಹೇಳಿದೇನು?"

"ಹೇಳಿದ್ನಿ."

"ಹೇಳಬಾರದಾಗಿತ್ತು."

ಅವತ್ತ ಕಾಕಾ ಎಲ್ಲಾ ಬಿಚ್ಚಿ ಹೇಳಿದ. ಕೆಲವು ವರ್ಷದ ಹಿಂದ ಅಲ್ಲಿ ನಮ್ಮ ಕಡೀ ಇಟಗಿ ಊರಾಂವ ಒಬ್ಬ ಇದ್ನಂತ. ಮುತ್ತಪ್ಪ ಅಂತ. ದೊಡ್ಡ ಮಳ್ಯಾಗ ಪಂಪಿಗೆ ಚಿಂದಿ ಸುತಗೊಂಡು ನಿಂತಬಿಡತು. ಗುತ್ತಿಗೆದಾರನ ಮನಶಾ ಬಂದು ಇಳಿ ಅಂದ. ಅಂವ ಇಳದ. ಕಾಕಾ ಆಚೆ ಕಡೆ ನೀರು ಬಂದ್ ಮಾಡಾಕ ಹೋಗಿದ್ದ. ತಿರುಗಿ ಬಂದು ನೋಡಿದ್ರ ಬಾವ್ಯಾಗ ಯಾರೂ ಇಲ್ಲ. ಸಮುದ್ರದ ಪೈಪು ಅವತ್ತ ತೆರದಿತ್ತು. ನೀರು ಭರ್ರ್... ಅಂತ ಹೊರಗ ಹೊಂಟಿತ್ತು.

"ಅಂವ ಕೆಲಸ ಬಿಟ್ಟು ಗೋವಾಕ್ಕ ಓಡಿಹೋದ ಅಂತ ಎಲ್ಲಾರಿಗೂ ಹೇಳಿದ್ರು. ಅವನ ಮನಿಗೂ ಅದನ್ನ ಹೇಳಿ ಕಳಿಸಿದ್ರು" ಅಂದ ಕಾಕಾ. "ಅವನ ಚಪ್ಪಲಿ ಬಾವಿ ದಂಡಿಮ್ಯಾಲನ ಇದ್ದುವು, ತಮ್ಮಾ. ಚಪ್ಪಲಿ ಬಿಟ್ಟು ಯಾರರ ಗೋವಾಕ್ಕ ಓಡಿಹೋಗತಾರೇನು?"

ಮುಂದಿನ ಸಲ ಸಮುದ್ರ ಏರಿದಾಗ ಮತ್ತ ದನಿ ಬಂತು. ಅಯ್ಯಪ್ಪ ಕಿವಿ ಮುಚಗೊಂಡು ನಿಂತಿದ್ದ. ಆದ್ರೂ ಕೇಳತಂತ.

"ನಮ್ಮವ್ವ ಇಟಗ್ಯಾಗ ಅದಾಳಪಾ. ಸಾವಕ್ಕ ಅಂತ. ನೀರು ಕಾಸಿಡಾಕ ಹೇಳು. ಹಂಡೆ ತುಂಬ. ಮೈ ಭಾಳ ಹೊಲಸಾಗೇತಿ... ಹಿಂಗ ಮನಿಗೆ ಹೋಗಾಕ ಬರಂಗಿಲ್ಲ."

"ಹೇಳತೀನಿ" ಅಂದಬಿಟ್ಟ ಅಯ್ಯಪ್ಪ. ಅಂಜಿ ಅಂದದ್ದು ಅದು. ಹೇಳಲಿಲ್ಲ. ಹ್ಯಾಂಗ ಹೇಳತಾನ? ಮಗ ಎಲ್ಲೋ ಬದುಕ್ಯಾನ ಅಂತ ತಿಳಕೊಂಡ ತಾಯಿ ಮುಂದ ಹೋಗಿ ನಿಂತು, ನಿನ್ನ ಮಗ ಸತ್ತಾನಬೇ, ಬಾವ್ಯಾಗಿಂದ ನನ್ನ ಜೋಡಿ ಮಾತಾಡಿದ ಅಂತ ಹ್ಯಾಂಗ ಹೇಳೂದು?

ಆಮ್ಯಾಲ ಶುರು ಆತು ನೋಡ್ರಿ. ಸಮುದ್ರ ಏರಿದಾಗೊಮ್ಮೆ ಕೆಳಗಿಂದ ಒಂದ ಮಾತು. "ಹೇಳಿದೇನು?" ಅದರ ಹಿಂದ ಕಬ್ಬಿಣದ ಸಪ್ಪಳ. ಟಣ್... ಮತ್ತೊಮ್ಮೆ ಏರಿದಾಗ, "ಹೇಳಿದೇನು?" ಟಣ್... ದನಿ ಮೊದಲ ತಳದಾಗಿಂದ ಬರತಿತ್ತಂತ. ಆಮ್ಯಾಲ ನಡುವಿಂದ. ಒಂದೊಂದ ಮೆಟ್ಟಲಾ ಏರಾಕತ್ತಿತ್ತು ಅದು. ಕಾಶೀಂಕಾಕಾಗ ದನಿ ಕೇಳತಿದ್ದಿಲ್ಲ. ಕಬ್ಬಿಣ ಕೇಳತಿತ್ತು. ಅಂವ ತನ್ನ ಕುರ್ಚಿ ಒಯ್ದು ಗೇಟಿನ ಹತ್ರ ಹಾಕ್ಕೊಂಡ.

ಕಡೇ ದಿವಸ ಹಗಲಹೊತ್ತಿನ್ಯಾಗನ ಆತು. ಭಾಳ ಮಳಿ. ಪಂಪು ಗುಂಯ್ ಅನ್ನೂದು ಗರ್ರ್... ಅಂತು, ನಿಂತ ಬಿಡತು. ಚಿಂದಿ. ಮೀನಪ್ಯಾಟಿ ಓಣ್ಯಾಗೆಲ್ಲಾ ಹೊಲಸ ನೀರು ಮ್ಯಾಲ ಬಂತು. ಸುಪರವೈಜರ ಫೋನ ಮಾಡಿ, ಲಗೂ ಇಳದು ತೆಗೀರಿ ಅಂದ. ಒಳಗ ಗಾಳಿ ಊದೂ ಪಂಖಾ ಕೆಟ್ಟಿತ್ತು. ಕಾಕಾ ಬ್ಯಾಡ ಅಂದ. ಇಳೀದಿದ್ರ ನಾಳಿಂದ ಬರಬ್ಯಾಡ ಅಂತಾರ ಕಾಕಾ, ಅಂತ ಅಯ್ಯಪ್ಪ ನಡಕ್ಕ ಹಗ್ಗ ಕಟಗೊಂಡ. ಇನ್ನೊಂದ ತುದಿ ಕಾಕಾನ ಕೈಯಾಗ.

ಸಾವಕಾಶ ಇಳದ. ಕೊಳತ ತತ್ತಿ ವಾಸನಿ ಗಪ್ಪನ ಮೂಗಿಗೆ ಹೊಡೀತು. ಮತ್ತೆರಡ ಮೆಟ್ಟಲಾ ಇಳದ.

ವಾಸನಿ ನಿಂತಿತು.

ತಟ್ಟನ ನಿಂತಿತು. ಶುದ್ಧ ಗಾಳಿ ಹಂಗ. ಅವಗ ಕಾಕಾನ ಮಾತ ನೆನಪಾತು, ಆದ್ರ ಕಾಲ ಏಳವಲ್ಲವು. ತಲಿ ಹಗುರಾಗಿ, ಹಂಗ ಅಲ್ಲೆ ಕಣ್ಣ ಮುಚ್ಚಿ ಮಲಗಬೇಕು ಅನಿಸ್ತಂತ. ಆವಾಗ ಕೆಳಗಿಂದ... ಟಣ್. ಟಣ್. ಟಣ್. ಲಗೂಲಗೂ. ಅಂವ ಇಳಿಯೂ ಮೆಟ್ಟಲಾ ಹಿಡದು ಯಾರೋ ಏರಿ ಬರಾಕತ್ತಿದ್ರು.

ಹಿಮ್ಮಡ ಹಿಡೀತು ಒಂದ ಕೈ. ತಣ್ಣಗ. ಭಾಳ ಹೊತ್ತು ನೀರಾಗ ನೆನದ ಕೈ ಇರತೈತಲ್ಲ, ಹಂಗ, ಚರ್ಮ ಸಡಲ. ಕಾಲಬುಡಕ್ಕನ ದನಿ.

"ಹೇಳಿದೇನು?"

ಅಯ್ಯಪ್ಪ ಜೀವ ಕೈಯಾಗ ಹಿಡಕೊಂಡು ಮ್ಯಾಲ ಏರಿದ, ಮ್ಯಾಲಿಂದ ಕಾಕಾ ಹಗ್ಗ ಜಗ್ಗಿದ. ನೆಲದ ಮ್ಯಾಲ ಬಂದು ಬಿದ್ದ, ಬಿದ್ದಲ್ಲೆ ವಾಂತಿ ಮಾಡಿದ. ಹಗ್ಗದ ಗದ್ದಲಕ್ಕ ಬೆದರಿ, ತೊಲಿಮ್ಯಾಲ ಕುಂತ ಒಂದ ಪಾರಿವಾಳ ಬಾವಿ ಬಾಯಿಗೆ ಅಡ್ಡ ಹಾರತು. ಹಾರೂದು ಮರತಂಗ, ಸೀದಾ ಒಳಗ ಬಿತ್ತು. ಧಪ್. ರೆಕ್ಕಿ ಸೈತ ಬಡೀಲಿಲ್ಲ.

ಇಬ್ರೂ ಅದನ್ನ ನೋಡಿದ್ರು.

"ಅಂವ ನನ್ನ ಉಳಸಾಕ ಬಂದಿದ್ನೋ, ಎಳಕೊಳ್ಳಾಕ ಬಂದಿದ್ನೋ... ನನಗ ಗೊತ್ತಿಲ್ಲಕ್ಕಾ" ಅಂದ ಅಯ್ಯಪ್ಪ, ಒಡ್ಡಿನ ಮ್ಯಾಲ ಕುಂತು. "ನಾಳೆ ನನ್ನ ಜೋಡಿ ಇಟಗಿಗೆ ಬಾ. ಒಬ್ಬನ ಹೋಗಾಕ ನನ್ನ ಕೈಲಿ ಆಗಂಗಿಲ್ಲ."

ಮರುದಿವಸ ಚಿಗವ್ವನ ಜ್ವರ ಇಳದಿತ್ತು. ಇಟಗಿ ಭೀಮಾಂಬಿಕಾ ತಾಯಿ ಗುಡಿಗೆ ಹೋಗಿ ಬರತೀವಿ ಅಂತ ಹೇಳಿ ಹೊಂಟ್ವಿ. ಮೊದಲ ಗುಡಿಗೆ ಹೋಗಿ ಕಾಯಿ ಒಡಿಸಿದ್ವಿ. ಆಮ್ಯಾಲ ಸಾವಕ್ಕನ ಮನಿ ಕೇಳಿದ್ವಿ.

ಗುಡಿಗೆ ಬರೂ ಮಂದಿಗೆ ರೊಟ್ಟಿ ಬಡದು ಮಾರತಿದ್ಳು ಆಕಿ. ಗಟ್ಟಿ ಹೆಣ್ಮಗಳು. ನಾವು ಹೋದಾಗ ಒಲಿಮುಂದ ಕುಂತು ರೊಟ್ಟಿ ಬಡಿಯಾಕತ್ತಿದ್ಳು. ಪಟ ಪಟ ಪಟ ಪಟ. ಎಷ್ಟ ಬೇಕು ಅಂದ್ಳು, ತಲಿ ಎತ್ತಲಾರದ.

"ರೊಟ್ಟಿಗೆ ಬಂದಿಲ್ಲಬೇ" ಅಂದ ಅಯ್ಯಪ್ಪ. "ಮುತ್ತಪ್ಪನ ಸುದ್ದಿ ತಂದೀನಿ."

ಕೈ ನಿಲ್ಲಲಿಲ್ಲ ಆಕಿದು. "ಅಂವ ಈ ಮನೀಗೆ ಸತ್ತಾನ. ಗೋವಾದಾಗ ಚೈನಿ ಮಾಡಕೋತ ಅದಾನಂತ. ಹಡದಾಕಿನ್ನ ಮರತ ಮಗನ ಸುದ್ದಿ ನನಗ್ಯಾಕ?"

"ಗೋವಾಕ್ಕ ಹೋಗಿಲ್ಲಬೇ ಅಂವ."

ನೆಲ ನೋಡಕೋತ ಎಲ್ಲಾ ಹೇಳಿದ. ಆಕಿ ರೊಟ್ಟಿ ಬಡಕೋತನ ಕೇಳಿದ್ಳು. ಹಂಚಿನ ಮ್ಯಾಲಿನ ರೊಟ್ಟಿ ಕರಕಾತು. ನಾ ತಿರುವಿ ಹಾಕಿದ್ನಿ. ಅಂವ ಮುಗಿಸಿದ ಮ್ಯಾಲ ಆಕಿ ಒಂದ ಮಾತ ಕೇಳಿದ್ಳು.

"ಅಂವ ಹ್ಯಾಂಗಂದ? ಅಂವ ಅಂದದ್ದು ಅಂದಂಗನ ಹೇಳು."

"ನೀರು ಕಾಸಿಡಾಕ ಹೇಳು ಅಂದ. ಹಂಡೆ ತುಂಬ. ಮೈ ಭಾಳ ಹೊಲಸಾಗೇತಿ, ಹಿಂಗ ಮನಿಗೆ ಹೋಗಾಕ ಬರಂಗಿಲ್ಲ ಅಂದ."

ಕೈ ನಿಂತುವು. ಹಿಟ್ಟಿನ ಮ್ಯಾಲ ಎರಡೂ ಅಂಗೈ ಊರಿದ್ಳು. ಅಳಲಿಲ್ಲ.

"ಹೊಲದಿಂದ ಬಂದು ಕೈಕಾಲ ತೊಳೀದ ಹೊಸ್ತಲಾ ದಾಟಿದ್ರ ನಾ ಬಡೀತಿದ್ನಿ ಅವನ್ನ" ಅಂದ್ಳು. "ಬರಲಿ."

ಎದ್ದು ಹೋಗಿ ಬಚ್ಚಲದ ಹಂಡೆ ತಿಕ್ಕಿ ತೊಳದ್ಳು. ತಾನ ಕೊಡಾ ಹೊತ್ತು ತುಂಬಿಸಿದ್ಳು. ನಾ ಹೊರತೀನಿ ಅಂದ್ರ ಕೊಡಲಿಲ್ಲ. ಹೊತ್ತು ಮುಣುಗಿದ ಮ್ಯಾಲ ಹತ್ತಿಕಟಗಿ ಇಟ್ಟು, ಕುಳ್ಳ ಒಟ್ಟಿ, ಉರಿ ಹಚ್ಚಿದ್ಳು. ಒಂದ ಹೊಸ ಸಾಬೂನು, ಒಂದ ಒಗದ ಧೋತರ ಬಚ್ಚಲ ಗ್ವಾಡಿಮ್ಯಾಲ ಇಟ್ಳು. ನಮಗ ಹೋಗ್ರಿ ಅನ್ನಲಿಲ್ಲ. ಇರ್ರಿ ಅಂತನೂ ಅನ್ನಲಿಲ್ಲ. ಹಂತಾ ಹೊತ್ತಿನ್ಯಾಗ ಆಕಿನ್ನ ಬಿಟ್ಟು ಹ್ಯಾಂಗ ಬರೂದು? ಪಡಸಾಲ್ಯಾಗ ಅಡ್ಡಾದ್ವಿ.

ಇನ್ನ ಮುಂದಿನದು ನಾ ಕೇಳಿದ್ದು. ಈ ಕಿವೀಲೆ.

ನಡರಾತ್ರಿ ಇರಬೇಕು. ಮೊದಲ ವಾಸನಿ ಬಂತು. ಗಟಾರದ ವಾಸನಿ, ಅದರಾಗ ಮೀನಿನ ವಾಸನಿ. ಇಟಗ್ಯಾಗ ಮೀನೆಲ್ಲಿಂದ ಬರಬೇಕು? ಆಮ್ಯಾಲ ಹಿತ್ತಲ ಬಾಗಲದ ಅಗಳಿ... ಕಿರ್ರ್... ಖಟ್. ಹಸೀ ಕಾಲಿನ ಸಪ್ಪಳ. ಪಚ್... ಪಚ್... ಪಚ್. ಬಚ್ಚಲದ ತಗಡಿನ ಕದ ಕಟಕ್ ಅಂತು.

ಅಯ್ಯಪ್ಪ ಕೌದಿ ಮುಸುಕ ಹಾಕ್ಕೊಂಡಿದ್ದ. ಒಳಗ ಅವನ ಹಲ್ಲ ಕಟಕಟ ಅನ್ನೂದು ನನಗ ಕೇಳತಿತ್ತು. ಸಾವಕ್ಕ ಮಲಗಿದ್ದಿಲ್ಲ. ಗ್ವಾಡಿಗೆ ಬೆನ್ನ ಹಚ್ಚಿ ಕುಂತಿದ್ಳು.

ಚರಿಗಿ ಹಂಡೇದಾಗ ಮುಣುಗಿದ ಸಪ್ಪಳ. ಬುಳುಕ್. ಆಮ್ಯಾಲ ಮೈಮ್ಯಾಲ ನೀರು... ಧಳ್. ಮತ್ತ ಬುಳುಕ್... ಧಳ್. ಹಾಕ್ಕೊಂಡಷ್ಟು ವಾಸನಿ ಕಡಿಮಿ ಆಗಾಕತ್ತಿತ್ತು. ಎಷ್ಟೊತ್ತು ಅಂತ ಹೇಳಲಿ... ಮುಗಿಯೂದ ಇಲ್ಲ. ನನಗ ತಡೀಲಿಲ್ಲ. ಸಂದಿಲೆ ನೋಡಬೇಕಂತ ಏಳಾಕ ಹೋದ್ನಿ. ಸಾವಕ್ಕ ನನ್ನ ಮುಂಗೈ ಹಿಡದ್ಳು.

"ಬ್ಯಾಡ ತಂಗಿ" ಅಂದ್ಳು ಹಗೂರಕ. "ಪ್ರಾಯದಾಂವ ಜಳಕ ಮಾಡೂದು ನೋಡಬಾರದು."

ಕುಂತ್ನಿ. ನೀರಿನ ಸಪ್ಪಳ ನಿಂತಿತು. ಆವಾಗ ಒಳಗಿಂದ...

"ಅವ್ವಾ. ಬೆನ್ನ ತಿಕ್ಕು ಬಾ."

ಅಷ್ಟ. ಮಗ ತಾಯಿನ್ನ ದಿನಾ ಕರದಂಗ. ರಾತ್ರಿಹೊತ್ತು ಹಂಗ ಕರದ್ರ ಓ ಅನ್ನಬಾರದು ಅಂತ ನಮ್ಮ ಹಿರೇರು ಹೇಳಿದ್ದು ನಿಮಗೂ ಗೊತ್ತೈತಿ. ಈ ಸಲ ನಾ ಆಕಿ ಕೈ ಹಿಡದ್ನಿ. ಹೋಗಬ್ಯಾಡಕ್ಕಾ, ಹೋದಾಕಿ ತಿರುಗಿ ಬರಂಗಿಲ್ಲ ಅಂದ್ನಿ.

"ಬಿಡು" ಅಂದ್ಳು. "ಬೆನ್ನಿಗೆ ಅವನ ಕೈ ಮುಟ್ಟಂಗಿಲ್ಲ."

ಹೋದ್ಳು. ತಗಡಿನ ಕದ ಕಟಕ್ ಅಂತು. ತಿಕ್ಕೂ ಕಲ್ಲಿನ ಸಪ್ಪಳ ಶುರು ಆತು. ಸರ್ರ್... ಸರ್ರ್... ಸರ್ರ್... ನಡುವ ಮೂಗ ಏರಿಸಿದ ಸಪ್ಪಳ, ಆಕಿದೋ, ಅವಂದೋ. ಕಡೀಕ ಹಂಡೆ ತಳಕ್ಕ ಚರಿಗಿ ಕೆರದು ಖರ್ರ್ ಅಂತು. ನೀರು ಮುಗದಿತ್ತು. ಆಮ್ಯಾಲ ಯಾವ ಸಪ್ಪಳನೂ ಇಲ್ಲ. ವಾಸನಿನೂ ಇಲ್ಲ. ಬರೇ ಸಾಬೂನಿಂದು.

ಸಾವಕ್ಕ ಹೊರಗ ಬಂದ್ಳು. ಸೀರಿ ಮೊಣಕಾಲ ತನಕ ತೊಯ್ದಿತ್ತು. ಬಂದು ಮೊದಲಿನ ಜಾಗಾದಾಗನ ಕುಂತ್ಳು.

"ಮಾರಿ ತೋರಸಲಿಲ್ಲ" ಅಂದ್ಳು. "ಆಚೆ ಕಡೆ ಮಾರಿ ಮಾಡಿ ಕುಂತಿದ್ದ."

ಬೆಳಕ ಹರದ ಮ್ಯಾಲ ನೋಡಿದ್ರ ಧೋತರ ಇಟ್ಟಲ್ಲಿ ಇದ್ದಿಲ್ಲ.

ಆಕಿ ಮಗನ ದಿನಕರ್ಮ ಮಾಡಿದ್ಳು. ಓಡಿಹೋದ ಮಗ ಅಂತ ಇಷ್ಟ ವರ್ಷ ಆಡಿಕೊಂಡ ಮಂದಿನ್ನೆಲ್ಲಾ ಕರದು ಉಣ್ಣಾಕ ನೀಡಿದ್ಳು. ನನ್ನ ಮಗ ಎಲ್ಲೂ ಓಡಿಹೋಗಿದ್ದಿಲ್ಲ ಅಂತ ಒಬ್ಬೊಬ್ಬರ ಎಲಿಮುಂದ ನಿಂತು ಹೇಳಿದ್ಳು. ಕಾಶೀಂಸಾಬ ನರೇಗಲ್ಲಿಗೆ ಬಂದಾಂವ ಅಲ್ಲಿಗೂ ಬಂದಿದ್ದ. ಬಾವಿ ಈಗ ಸುಮ್ಮನ ಐತಿ, ಬರೇ ಪಂಪಿನ ಸಪ್ಪಳ ಅಂದ. ಅಯ್ಯಪ್ಪ ತಿರುಗಿ ಹೋಗಲಿಲ್ಲ. ರೋಣದಾಗ ಮೋಟಾರ ರಿಪೇರಿ ಅಂಗಡ್ಯಾಗ ಅದಾನ. ಬೋರಿನ ಮೋಟಾರ ಅಷ್ಟ ಮುಟ್ಟತಾನ, ಬಾವೀದು ಮುಟ್ಟಂಗಿಲ್ಲ.

ನಾನೂ ದಿನಕ್ಕ ಹೋಗಿದ್ನಿ. ಊಟ ಆದಮ್ಯಾಲ ಕೈ ತೊಳಿಯಾಕ ಹಿತ್ತಲಕ್ಕ ಹೋದ್ನಿ. ಆಕಿ ಬಚ್ಚಲ ನೀರು ಹರದು ಹೋಗೂ ಕಡೆ ಒಂದ ನುಗ್ಗಿ ಗಿಡ ಐತಿ. ಐತಿ ಅಲ್ಲ, ಇತ್ತು. ದೊಡ್ಡ ಗಿಡ, ಮಳಿಗಾಲ ಬ್ಯಾರೆ. ಬುಡದಿಂದ ತುದೀತನಕ ಒಣಗಿ ನಿಂತಿತ್ತು. ಸುತ್ತಿನ ನೆಲ ಬೆಳ್ಳಗ, ಸುಣ್ಣ ಚೆಲ್ಲಿದಂಗ. ಬಗ್ಗಿ ಬೊಟ್ಟಿಲೆ ಒಂಚೂರು ಕೆರದು ನಾಲಗಿಗೆ ಹಚ್ಚಿ ನೋಡಿದ್ನಿ.

ಉಪ್ಪು.

ಸಾವಕ್ಕ ತುಂಬಿಸಿದ್ದು ಊರ ನಳದ ನೀರು. ಸಿಹಿನೀರು. ನಾ ಕುಡದೀನಿ ಅದನ್ನ. ನೀವು ಖರೇ ಅನ್ರಿ, ಸುಳ್ಳ ಅನ್ರಿ... ಆ ನುಗ್ಗಿ ಬೊಡ್ಡಿ ಇನ್ನೂ ಅಲ್ಲೆ ಐತಿ.